ಲೇಸರ್ ಮೇಲ್ಮೈ ವಿನ್ಯಾಸ: ಲೋಹ ಮತ್ತು ಗಾಜು

ಲೋಹ, ಗಾಜು ಮೊದಲಾದ ಗಟ್ಟಿ ವಸ್ತುಗಳ ಹೊರಮೈಯನ್ನು ಲೇಸರ್ ಕಿರಣದಿಂದ ಕರಗಿಸಿ, ಆವಿ ಮಾಡಿ ಇಲ್ಲವೆ ಕಿತ್ತುಹಾಕಿ, ಬೇಕಾದ ಉಬ್ಬುತಗ್ಗುಗಳನ್ನು ಮೂಡಿಸುವ ತಂತ್ರಕ್ಕೆ ಲೇಸರ್ ಮೇಲ್ಮೈ ವಿನ್ಯಾಸ ಎಂದು ಹೆಸರು. ಇದರಲ್ಲಿ ಮೇಲಿಂದ ಬಣ್ಣ ಬಳಿಯುವುದಿಲ್ಲ, ಲೇಪ ಹಚ್ಚುವುದಿಲ್ಲ, ಬೇರೆ ಲೋಹ ಕೂಡಿಸುವುದಿಲ್ಲ. ವಸ್ತು ಅದೇ ಇರುತ್ತದೆ, ಅದರ ಮೈ ಮಾತ್ರ ಬದಲಾಗುತ್ತದೆ. ಹಾಗಿದ್ದೂ ಹೊಳೆಯುತ್ತಿದ್ದ ಉಕ್ಕು ಕಪ್ಪಾಗಬಹುದು, ನೀರಿಗೆ ಒದ್ದೆಯಾಗುತ್ತಿದ್ದ ತಗಡು ನೀರನ್ನು ಕೊಡವಿಕೊಳ್ಳಬಹುದು, ಪಾರದರ್ಶಕ ಗಾಜು ಮಂಜುಗಟ್ಟಿದಂತೆ ಕಾಣಬಹುದು, ಒಣಗಿ ಉಜ್ಜಿಕೊಳ್ಳುತ್ತಿದ್ದ ಯಂತ್ರಭಾಗ ಎಣ್ಣೆ ಹಿಡಿದುಕೊಳ್ಳಬಹುದು. ಇಲ್ಲಿ ಮೂಡುವ ಗುಳಿ, ಗೆರೆ, ಉಬ್ಬುಗಳ ಗಾತ್ರ ಸಾಮಾನ್ಯವಾಗಿ ಒಂದು ಮೈಕ್ರೋಮೀಟರಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಡಿಮೆಯಿಂದ ಹಿಡಿದು ನೂರಾರು ಮೈಕ್ರೋಮೀಟರ್‌ವರೆಗೆ ಇರುತ್ತದೆ. ಕಿರಣಕ್ಕೆ ಎಷ್ಟು ಶಕ್ತಿಯಿದೆ ಎಂಬುದಷ್ಟೇ ಫಲವನ್ನು ನಿರ್ಧರಿಸುವುದಿಲ್ಲ. ಆ ಶಕ್ತಿ ಎಷ್ಟು ಹೊತ್ತಿನಲ್ಲಿ ವಸ್ತುವಿಗೆ ತಲುಪುತ್ತದೆ ಎಂಬುದೇ ಹೆಚ್ಚು ಮುಖ್ಯ.

ಮೇಲ್ಮೈಯ ಮಹತ್ವ

ಒಂದು ವಸ್ತು ಹೊರಗಿನೊಡನೆ ವ್ಯವಹರಿಸುವುದು ತನ್ನ ಮೈಯ ಮೂಲಕ. ಘರ್ಷಣೆ, ಸವಕಳಿ, ತುಕ್ಕು, ಅಂಟು, ಹೊಳಪು, ಒದ್ದೆಯಾಗುವುದು ಎಲ್ಲವೂ ಅಲ್ಲಿಯೇ ನಡೆಯುತ್ತವೆ. ಇದು ಕಾರ್ಖಾನೆಗಳಿಗೆ ಮಾತ್ರ ತಿಳಿದ ವಿಷಯವಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಿಂದ ಕಳಸದವರೆಗಿನ ಕಾಫಿ ತೋಟಗಳಲ್ಲಿ ಕೊಯ್ದ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇದಕ್ಕೆ ನೇರ ನಿದರ್ಶನ. ಪಲ್ಪರಿನ ಉರುಳೆಗೆ ಹೊದಿಸಿದ ತಗಡಿನ ಮೇಲೆ ಸಾಲುಸಾಲಾಗಿ ಉಬ್ಬುಗಳಿರುತ್ತವೆ. ಅವು ಹಣ್ಣನ್ನು ಹಿಡಿದು ಎಳೆದು, ಎದುರಿನ ಪಟ್ಟಿಗೆ ಒತ್ತಿ ಸಿಪ್ಪೆ ಸುಲಿಯುತ್ತವೆ. ಉಬ್ಬು ಸವೆದರೆ ಸಿಪ್ಪೆ ಬಿಡುವುದಿಲ್ಲ; ಅಂತರ ತಪ್ಪಿದರೆ ಬೀಜವೇ ಕಚ್ಚಿಹೋಗುತ್ತದೆ. ಈ ಉಬ್ಬುಗಳು ಮಿಲಿಮೀಟರ್ ಲೆಕ್ಕದವು, ಅಚ್ಚಿನಿಂದ ಒತ್ತಿ ಮಾಡಿದಂಥವು. ಲೇಸರ್ ಮೂಡಿಸುವ ವಿನ್ಯಾಸ ಅದಕ್ಕಿಂತ ಎಷ್ಟೋ ಪಟ್ಟು ಸಣ್ಣದಾದರೂ ತತ್ತ್ವ ಒಂದೇ: ಮೈಯ ಆಕಾರವೇ ಕೆಲಸ ಮಾಡುತ್ತದೆ.

ತೋಟದ ಜೀಪು, ಪಿಕಪ್‌ಗಳ ಎಂಜಿನ್ನಿನೊಳಗೂ ಇದೇ ವಿಚಾರವಿದೆ. ಸಿಲಿಂಡರಿನ ಒಳಮೈಯನ್ನು ಕನ್ನಡಿಯಂತೆ ನುಣುಪು ಮಾಡುವುದಿಲ್ಲ. ಹೋನಿಂಗ್ ಕಲ್ಲಿನಿಂದ ಓರೆಗೆರೆಗಳು ಒಂದನ್ನೊಂದು ಅಡ್ಡಹಾಯುವಂತೆ ಉಜ್ಜಿ ಬಿಟ್ಟಿರುತ್ತಾರೆ. ಆ ಗೆರೆಗಳಲ್ಲಿ ನಿಂತ ಎಣ್ಣೆ ಪಿಸ್ಟನ್ ರಿಂಗಿಗೆ ಸಿಗುತ್ತದೆ. ಪೂರಾ ನುಣುಪಾದ ಮೈಯಲ್ಲಿ ಎಣ್ಣೆ ನಿಲ್ಲುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ಮೆನೆಜಸ್, ಕಿಶೋರ್ ಮತ್ತು ಸತೀಶ್ ವಾಸು ಕೈಲಾಸ್ ನಡೆಸಿದ ಘರ್ಷಣೆಯ ಪ್ರಯೋಗಗಳು ಈ ವಿಷಯದಲ್ಲಿ ಮುಖ್ಯವಾದವು. ಉಕ್ಕಿನ ತಟ್ಟೆಗಳ ಮೇಲೆ ಒಂದೇ ದಿಕ್ಕಿನ ಗೆರೆ, ಎಲ್ಲ ದಿಕ್ಕಿನ ಗೆರೆ, ದಿಕ್ಕಿಲ್ಲದ ಒರಟು ಹೀಗೆ ಬೇರೆಬೇರೆ ಬಗೆಯ ಮೈಗಳನ್ನು ಉಜ್ಜಿ ಮಾಡಿ, ಮೆತ್ತನೆಯ ಲೋಹದ ಕಡ್ಡಿಗಳನ್ನು ಅವುಗಳ ಮೇಲೆ ಸರಿಸಿ ಅವರು ಅಳೆದರು. ಒರಟುತನದ ಸರಾಸರಿ ಅಂಕಿಗಿಂತ ಗೆರೆಗಳ ವಿನ್ಯಾಸ ಮತ್ತು ದಿಕ್ಕು ಘರ್ಷಣೆಯನ್ನು ಹೆಚ್ಚು ನಿರ್ಧರಿಸುತ್ತವೆ ಎಂದು ಕಂಡುಬಂತು. ಈ ಪ್ರಯೋಗಗಳಲ್ಲಿ ಮೈ ಸಿದ್ಧಪಡಿಸಿದ್ದು ಲೇಸರಿನಿಂದಲ್ಲ. ಆದರೂ ಮೈಯನ್ನು ‘ಎಷ್ಟು ಒರಟು’ ಎಂದು ಕೇಳುವುದಕ್ಕಿಂತ ‘ಯಾವ ಬಗೆಯ ಒರಟು’ ಎಂದು ಕೇಳಬೇಕು ಎಂಬ ಅವರ ಫಲಿತಾಂಶ, ಇಷ್ಟಬಂದ ವಿನ್ಯಾಸ ಬರೆಯಬಲ್ಲ ಲೇಸರಿನ ಬೆಲೆಯನ್ನು ತೋರಿಸುತ್ತದೆ.

ಇತಿಹಾಸ

ಮೊದಲ ಲೇಸರ್ ಬೆಳಗಿದ್ದು 1960ರ ಮೇ 16ರಂದು. ಅಮೆರಿಕದ ಹ್ಯೂಸ್ ಪ್ರಯೋಗಾಲಯದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಅದನ್ನು ಪಡೆದರು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ರೂಪಿಸಿದರು. ಮರ, ಅಕ್ರಿಲಿಕ್, ಗಾಜುಗಳ ಮೇಲೆ ಕೊರೆಯುವ ಯಂತ್ರಗಳಲ್ಲಿ ಇಂದಿಗೂ ಹೆಚ್ಚಾಗಿ ಇರುವುದು ಅದೇ ಬಗೆ. ಅದೇ ವರ್ಷ ಟ್ರಾಂಬೆಯಲ್ಲಿ ಭಾರತದ ವಿಜ್ಞಾನಿಗಳು ಗ್ಯಾಲಿಯಂ ಆರ್ಸೆನೈಡ್ ಅರೆವಾಹಕ ಲೇಸರನ್ನು ಸ್ವತಃ ತಯಾರಿಸಿದರು.

1965ರಲ್ಲಿ ಮಿಲ್ಟನ್ ಬರ್ನ್‌ಬಾಮ್ ಒಂದು ವಿಚಿತ್ರವನ್ನು ವರದಿ ಮಾಡಿದರು. ಮಾಣಿಕ್ಯ ಲೇಸರ್ ತಾಗಿದ ಅರೆವಾಹಕದ ಮೇಲೆ ಸಮಾನಾಂತರ ಸೂಕ್ಷ್ಮ ಗೆರೆಗಳು ತಾವಾಗಿಯೇ ಮೂಡಿದ್ದವು. ಯಾರೂ ಗೆರೆ ಎಳೆದಿರಲಿಲ್ಲ. ಬಂದ ಬೆಳಕಿಗೂ ಮೈಯ ಗುಂಟ ಚದರಿದ ಅಲೆಗೂ ನಡುವೆ ಉಂಟಾದ ವ್ಯತಿಕರಣದಿಂದ ಶಕ್ತಿ ಪಟ್ಟೆಪಟ್ಟೆಯಾಗಿ ಹಂಚಿಹೋಗಿ ಇವು ಮೂಡುತ್ತವೆ ಎಂದು ಮುಂದೆ ವಿವರಿಸಲಾಯಿತು. ‘ಲೇಸರ್ ಏರಿಳಿತ’ ಎನ್ನಬಹುದಾದ ಈ ಗೆರೆಗಳು ನಂತರ ಲೋಹ, ಗಾಜು, ಪ್ಲಾಸ್ಟಿಕ್ ಎಲ್ಲದರ ಮೇಲೂ ಕಂಡವು.

ಯಂತ್ರಭಾಗಗಳ ಘರ್ಷಣೆ ತಗ್ಗಿಸಲು ಲೇಸರ್ ಗುಳಿಗಳನ್ನು ಬಳಸುವ ಕೆಲಸವನ್ನು 1990ರ ದಶಕದಲ್ಲಿ ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ಇಝಾಕ್ ಎಟ್ಸಿಯಾನ್ ಮುಂದೊಯ್ದರು. ಲೇಸರ್ ಬೆಳಕಿನ ಅತಿ ಕಿರಿದಾದ ಮಿಡಿತಗಳಿಗೆ (ಕ್ಷಣಿಕ ಹೊಡೆತಗಳಿಗೆ) ಹೆಚ್ಚಿನ ಶಕ್ತಿ ತುಂಬುವ ದಾರಿಯನ್ನು 1985ರಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಕಂಡುಹಿಡಿದಿದ್ದರು. ಮಿಡಿತವನ್ನು ಮೊದಲು ಹಿಗ್ಗಿಸಿ, ಆಮೇಲೆ ಬಲಪಡಿಸಿ, ಕೊನೆಗೆ ಕುಗ್ಗಿಸುವ ಈ ವಿಧಾನಕ್ಕಾಗಿ ಅವರಿಬ್ಬರೂ 2018ರ ಭೌತವಿಜ್ಞಾನ ನೊಬೆಲ್ ಬಹುಮಾನದಲ್ಲಿ ಅರ್ಧವನ್ನು ಹಂಚಿಕೊಂಡರು. ಇಂದಿನ ಫೆಮ್ಟೊಸೆಕೆಂಡ್ (ಅತಿ ಕಿರಿಯ ಮಿಡಿತದ) ಯಂತ್ರಗಳಿಗೆ ಅಡಿಪಾಯ ಅದೇ.

ಬೆಳಕು ವಸ್ತುವಿಗೆ ತಾಗಿದಾಗ

ಲೇಸರ್ ಮೈಯನ್ನು ಬದಲಿಸಬೇಕಾದರೆ ವಸ್ತು ಮೊದಲು ಬೆಳಕನ್ನು ಹೀರಬೇಕು. ಇದು ತರಂಗದೂರವನ್ನು ಅವಲಂಬಿಸಿದೆ. ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರೋಮೀಟರ್ ಬೆಳಕನ್ನು ನುಣುಪಾದ ಲೋಹಗಳು ಬಹುಪಾಲು ಹಿಂದಕ್ಕೆ ಕಳಿಸುತ್ತವೆ, ಗಾಜು ಮಾತ್ರ ಚೆನ್ನಾಗಿ ಹೀರುತ್ತದೆ. ಫೈಬರ್ ಲೇಸರಿನ 1.06 ಮೈಕ್ರೋಮೀಟರ್ ಸುಮಾರಿನ ಬೆಳಕಿನಲ್ಲಿ ಇದು ತಲೆಕೆಳಗಾಗುತ್ತದೆ: ಉಕ್ಕು ಮೂರರಲ್ಲಿ ಒಂದು ಭಾಗದಷ್ಟನ್ನು ಹೀರಿಕೊಳ್ಳುತ್ತದೆ, ಗಾಜಿನ ಮೂಲಕ ಕಿರಣ ಹಾಗೆಯೇ ಹಾದುಹೋಗುತ್ತದೆ. ತಾಮ್ರ, ಚಿನ್ನ ಈ ಬೆಳಕನ್ನೂ ಹೆಚ್ಚಾಗಿ ಪ್ರತಿಫಲಿಸುವುದರಿಂದ ಅವುಗಳ ಕೆಲಸಕ್ಕೆ ಹಸಿರು ಅಥವಾ ನೀಲಿ ಲೇಸರು, ಇಲ್ಲವೆ ಕ್ಷಣಮಾತ್ರದ ಭಾರಿ ಶಿಖರಬಲವುಳ್ಳ ಮಿಡಿತಗಳು ಬೇಕು. ಹೀಗಾಗಿ ಲೋಹಕ್ಕೂ ಗಾಜಿಗೂ ಒಂದೇ ಯಂತ್ರ ಎಂಬ ಮಾತು ಸಾಮಾನ್ಯ ದರ್ಜೆಯ ಲೇಸರುಗಳಲ್ಲಿ ನಡೆಯುವುದಿಲ್ಲ.

ಹೀರಿದ ಶಕ್ತಿ ಮುಂದೆ ಏನಾಗುತ್ತದೆ ಎಂಬುದನ್ನು ಮಿಡಿತದ ಅವಧಿ ಹೇಳುತ್ತದೆ. ಲೋಹದಲ್ಲಿ ಬೆಳಕನ್ನು ಮೊದಲು ಹೀರುವುದು ಬಿಡಿ ಎಲೆಕ್ಟ್ರಾನುಗಳು. ಅವು ಆ ಬಿಸಿಯನ್ನು ಪರಮಾಣುಗಳ ಜಾಲಕ್ಕೆ ದಾಟಿಸಲು ಕೆಲವು ಪಿಕೊಸೆಕೆಂಡು ಬೇಕು. (ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ, ಫೆಮ್ಟೊಸೆಕೆಂಡ್ ಅದರ ಸಾವಿರದಲ್ಲೊಂದು.) ನ್ಯಾನೊಸೆಕೆಂಡ್ ಮಿಡಿತ ಇದಕ್ಕಿಂತ ಎಷ್ಟೋ ಪಟ್ಟು ಉದ್ದ. ಆದ್ದರಿಂದ ಮಿಡಿತ ಮುಗಿಯುವ ಮೊದಲೇ ಬಿಸಿ ಸುತ್ತಲಿನ ಲೋಹಕ್ಕೆ ಹರಡುತ್ತದೆ. ತಾಮ್ರದಲ್ಲಿ 10 ನ್ಯಾನೊಸೆಕೆಂಡಿನಲ್ಲಿ ಬಿಸಿ ಸಾಗುವ ದೂರ ಒಂದೆರಡು ಮೈಕ್ರೋಮೀಟರ್. ಅಷ್ಟು ದಪ್ಪದ ಲೋಹ ಕರಗುತ್ತದೆ, ಆವಿಯ ಒತ್ತಡಕ್ಕೆ ಸಿಕ್ಕಿ ಗುಳಿಯ ಅಂಚಿಗೆ ಚಿಮ್ಮುತ್ತದೆ, ಅಲ್ಲಿಯೇ ಗಟ್ಟಿಯಾಗಿ ದಿಣ್ಣೆ ಕಟ್ಟುತ್ತದೆ. ಕಾರ್ಖಾನೆಯವರು ಇದನ್ನು ಬರ್ ಎನ್ನುತ್ತಾರೆ.

ನೂರು ಫೆಮ್ಟೊಸೆಕೆಂಡಿನಲ್ಲಿ ಬೆಳಕು ಸಾಗುವುದು ಕೇವಲ 0.03 ಮಿಲಿಮೀಟರ್, ತಲೆಗೂದಲಿನ ದಪ್ಪವೂ ಅಲ್ಲ. ಇಷ್ಟು ಕಿರಿದಾದ ಮಿಡಿತ ಬಂದು ಮುಗಿದ ಮೇಲೆ ಪರಮಾಣುಗಳಿಗೆ ಬಿಸಿಯ ಸುದ್ದಿ ಮುಟ್ಟುತ್ತದೆ. ಮೇಲಿನ ತೆಳುಪದರ ಒಮ್ಮೆಗೇ ಕಿತ್ತುಹೋಗುತ್ತದೆ. ಸುತ್ತಲಿನ ಲೋಹಕ್ಕೆ ಬಿಸಿ ಹರಡಲು ಪುರುಸೊತ್ತೇ ಇರುವುದಿಲ್ಲ. ಕರಗಿದ ಅಂಚು ಕಡಿಮೆ, ಗುಳಿ ಸ್ವಚ್ಛ. ಪ್ರತಿಯೊಂದು ವಸ್ತುವಿಗೂ ಪ್ರತಿ ಚದರ ಸೆಂಟಿಮೀಟರಿಗೆ ಇಷ್ಟು ಶಕ್ತಿ ಬಿದ್ದರೆ ಮಾತ್ರ ಮೈ ಕಿತ್ತುಬರುತ್ತದೆ ಎಂಬ ಕನಿಷ್ಠ ಮಿತಿಯಿದೆ. ಕಿರಣದ ನಡುಭಾಗ ಪ್ರಬಲ, ಅಂಚು ದುರ್ಬಲವಾದ್ದರಿಂದ ನಡುಭಾಗ ಮಾತ್ರ ಮಿತಿ ದಾಟುವಂತೆ ಶಕ್ತಿಯನ್ನು ಹೊಂದಿಸಿದರೆ, ಕಿರಣದ ಚುಕ್ಕೆಗಿಂತಲೂ ಚಿಕ್ಕ ಗುಳಿ ಮಾಡಬಹುದು.

ಯಂತ್ರ ಮತ್ತು ಅದರ ಹೊಂದಾಣಿಕೆ

ಕರ್ನಾಟಕದ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವುದು 20ರಿಂದ 50 ವಾಟಿನ ಫೈಬರ್ ಲೇಸರ್ ಮಾರ್ಕಿಂಗ್ ಯಂತ್ರ. ಒಂದು ಮೇಜು, ಮೇಲೊಂದು ಕಂಬ, ಕಂಬಕ್ಕೆ ತೂಗುಬಿದ್ದ ತಲೆ, ಪಕ್ಕದಲ್ಲಿ ಕಂಪ್ಯೂಟರ್. ತಲೆಯೊಳಗೆ ಗ್ಯಾಲ್ವೊ ಎಂಬ ಎರಡು ಪುಟ್ಟ ಕನ್ನಡಿಗಳು ಕಿರಣವನ್ನು ಎಡಬಲಕ್ಕೂ ಹಿಂದುಮುಂದಕ್ಕೂ ಹೊರಳಿಸುತ್ತವೆ. ಕೆಳಗಿನ ಮಸೂರ ಅದನ್ನು ಸುಮಾರು 40 ಮೈಕ್ರೋಮೀಟರಿನ ಚುಕ್ಕೆಯಾಗಿ ತಟ್ಟೆಯ ಮೇಲೆ ಕೂಡಿಸುತ್ತದೆ. ವಸ್ತು ಕದಲುವುದಿಲ್ಲ, ಬೆಳಕೇ ಓಡಾಡುತ್ತದೆ.

ಯಂತ್ರ ನಡೆಸುವವರು ಹೊಂದಿಸುವುದು ಮುಖ್ಯವಾಗಿ ನಾಲ್ಕನ್ನು: ಶಕ್ತಿ, ಸೆಕೆಂಡಿಗೆ ಎಷ್ಟು ಮಿಡಿತ, ಕಿರಣದ ವೇಗ, ಗೆರೆಗಳ ನಡುವಿನ ಅಂತರ. 20 ವಾಟಿನ ಯಂತ್ರ ಸೆಕೆಂಡಿಗೆ 20,000 ಮಿಡಿತ ಹೊಡೆಯುತ್ತಿದ್ದರೆ ಒಂದೊಂದರಲ್ಲಿ 1 ಮಿಲಿಜೂಲ್ ಶಕ್ತಿ ಇರುತ್ತದೆ. ಶಕ್ತಿಯ ಮೊತ್ತ ಅತ್ಯಲ್ಪ. ಆದರೆ ಮಿಡಿತ 100 ನ್ಯಾನೊಸೆಕೆಂಡಿನಷ್ಟೇ ಉದ್ದವಾದ್ದರಿಂದ ಆ ಕ್ಷಣದ ಬಲ 10 ಕಿಲೊವಾಟಿಗೆ ಏರುತ್ತದೆ. ಕಿರಣ ಸೆಕೆಂಡಿಗೆ 1,000 ಮಿಲಿಮೀಟರ್ ಓಡಿದರೆ ಎರಡು ಹೊಡೆತಗಳ ನಡುವೆ 50 ಮೈಕ್ರೋಮೀಟರ್ ಅಂತರ ಬಿದ್ದು, ಚುಕ್ಕೆಗಳು ಬಿಡಿಬಿಡಿ ಗುಳಿಗಳಾಗುತ್ತವೆ. ವೇಗವನ್ನು 200 ಮಿಲಿಮೀಟರಿಗೆ ಇಳಿಸಿದರೆ ಅಂತರ 10 ಮೈಕ್ರೋಮೀಟರ್. ಒಂದೇ ಜಾಗಕ್ಕೆ ನಾಲ್ಕು ಹೊಡೆತ ಬಿದ್ದು ಗುಳಿಗಳು ಕೂಡಿ ಆಳವಾದ ಕಾಲುವೆಯಾಗುತ್ತವೆ. ಅದೇ ಯಂತ್ರ, ಅದೇ ತಟ್ಟೆ, ಅದೇ ಶಕ್ತಿ. ವೇಗವೊಂದನ್ನು ಬದಲಿಸಿದರೆ ಮೈ ಬೇರೆಯಾಗುತ್ತದೆ.

ಹೆಚ್ಚು ವಿಸ್ತಾರಕ್ಕೆ ಬೇರೊಂದು ದಾರಿಯಿದೆ. ಒಂದೇ ಕಿರಣವನ್ನು ಎರಡಾಗಿ ಸೀಳಿ ಮತ್ತೆ ಮೈಯ ಮೇಲೆ ಕೂಡಿಸಿದರೆ ವ್ಯತಿಕರಣದಿಂದ ಬೆಳಕು ಕತ್ತಲೆಯ ಪಟ್ಟೆಗಳು ಬಿದ್ದು, ಒಂದೇ ಹೊಡೆತದಲ್ಲಿ ನೂರಾರು ಗೆರೆ ಮೂಡುತ್ತವೆ. ಎರಡು ಕಿರಣಗಳ ನಡುವಿನ ಕೋನ ಹೆಚ್ಚಿದಷ್ಟೂ ಗೆರೆಗಳು ಒತ್ತಾಗುತ್ತವೆ. ಜರ್ಮನಿಯ ಸಾರ್‌ಬ್ರೂಕೆನ್ ಮತ್ತು ಡ್ರೆಸ್ಡೆನ್‌ನ ಪ್ರಯೋಗಾಲಯಗಳಲ್ಲಿ ಈ ವಿಧಾನ ಹೆಚ್ಚು ಬೆಳೆದಿದೆ.

ಲೋಹದ ಮೇಲೆ

ಎಣ್ಣೆಗುಳಿ: ಸೀಲ್, ಬೇರಿಂಗ್, ಪಿಸ್ಟನ್ ರಿಂಗುಗಳ ಮೇಲೆ ಸುಮಾರು 100 ಮೈಕ್ರೋಮೀಟರ್ ಅಗಲ, 10 ಮೈಕ್ರೋಮೀಟರ್ ಆಳದ ಗುಳಿಗಳನ್ನು ಸಾಲಾಗಿ ಕೊರೆಯುವುದು ಬಳಕೆಯಲ್ಲಿರುವ ಕ್ರಮ. ಗುಳಿಯಲ್ಲಿ ನಿಂತ ಎಣ್ಣೆ, ಎದುರಿನ ಮೈ ಸರಿಯುವಾಗ ಒತ್ತಡ ಪಡೆದು ಎರಡೂ ಮೈಗಳನ್ನು ದೂರ ಹಿಡಿಯುತ್ತದೆ. ಸವೆದು ಉದುರಿದ ಲೋಹದ ಪುಡಿ ಗುಳಿಯೊಳಗೆ ಸೇರಿಕೊಂಡು ಮೈಯನ್ನು ಗೀರುವುದು ತಪ್ಪುತ್ತದೆ. ಹೈದರಾಬಾದಿನ ಎಆರ್‌ಸಿಐ ಸಂಸ್ಥೆ ಫೆಮ್ಟೊಸೆಕೆಂಡ್ ಲೇಸರಿನಿಂದ ಎಂಜಿನ್ ಭಾಗಗಳ ಮೇಲೆ ಇದಕ್ಕಿಂತಲೂ ಸಣ್ಣ ಗುಳಿಗಳನ್ನು ಮೂಡಿಸಿ ಪರೀಕ್ಷಿಸಿದೆ. ನ್ಯಾನೊಸೆಕೆಂಡ್ ಲೇಸರ್ ಬಳಸಿದಾಗ ಗುಳಿಯ ಸುತ್ತ ನಿಂತ ಬರ್ ಅನ್ನು ಮತ್ತೆ ಉಜ್ಜಿ ತೆಗೆಯಬೇಕಾಗುತ್ತದೆ. ತೆಗೆಯದಿದ್ದರೆ ಅದೇ ಎದುರಿನ ಮೈಯನ್ನು ಕೊರೆಯುತ್ತದೆ.

ಬಣ್ಣ: ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಮ್ಮನ್ನು ಕೊರೆಯದೆ ಹದವಾಗಿ ಬಿಸಿ ಮಾಡಿದರೆ ತೆಳ್ಳನೆಯ ಆಕ್ಸೈಡ್ ಪದರ ಬೆಳೆಯುತ್ತದೆ. ಪದರದ ದಪ್ಪಕ್ಕೆ ತಕ್ಕಂತೆ ಹೊಂಬಣ್ಣ, ನೇರಳೆ, ನೀಲಿ ಕಾಣುತ್ತವೆ. ಇಲ್ಲಿ ಯಾವ ಬಣ್ಣದ ಪುಡಿಯೂ ಇಲ್ಲ, ನೀರಿನ ಮೇಲೆ ತೇಲುವ ಎಣ್ಣೆಯ ಬಣ್ಣಕ್ಕೆ ಕಾರಣವಾದ ವ್ಯತಿಕರಣವೇ ಇಲ್ಲಿಯೂ ಕಾರಣ. ಲೇಸರ್ ಏರಿಳಿತಗಳಿರುವ ಮೈ ಇನ್ನೊಂದು ಬಗೆಯಲ್ಲಿ ಬಣ್ಣ ತೋರುತ್ತದೆ: ಗೆರೆಗಳು ಬೆಳಕನ್ನು ವಿವರ್ತಿಸುವುದರಿಂದ ತಟ್ಟೆಯನ್ನು ಓರೆ ಮಾಡಿದಂತೆ ಬಣ್ಣ ಬದಲಾಗುತ್ತದೆ. ಮೊದಲನೆಯದು ಪದರದ ಬಣ್ಣ, ಎರಡನೆಯದು ಆಕಾರದ ಬಣ್ಣ.

ಕಪ್ಪು ಲೋಹ: ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಚುನ್ಲೈ ಗುವೊ ಮತ್ತು ಅನಾತೊಲಿ ವೊರೊಬ್ಯೆವ್ ಫೆಮ್ಟೊಸೆಕೆಂಡ್ ಮಿಡಿತಗಳಿಂದ ಹೊಳೆಯುವ ಲೋಹಗಳನ್ನು ಕಡುಕಪ್ಪಾಗಿಸಿದರು. ಮೈಯಲ್ಲಿ ಮೂಡಿದ ಮೈಕ್ರೋ ಮತ್ತು ನ್ಯಾನೊ ಗಾತ್ರದ ಗುಂಡಿಗಳೊಳಗೆ ಹೊಕ್ಕ ಬೆಳಕು ಪದೇಪದೇ ಬಡಿದು ಅಲ್ಲಿಯೇ ಹೀರಿಹೋಗುತ್ತದೆ.

ದೇಹದೊಳಗಿನ ಲೋಹ: ಹಲ್ಲಿನ ಇಂಪ್ಲಾಂಟ್‌ನ ಟೈಟಾನಿಯಂ ಕತ್ತಿನ ಸುತ್ತ ಕೆಲವೇ ಮೈಕ್ರೋಮೀಟರ್ ಅಗಲದ ಗೆರೆಗಳನ್ನು ಲೇಸರಿನಿಂದ ಹಾಕುವ ಉತ್ಪನ್ನಗಳು ಬಳಕೆಯಲ್ಲಿವೆ. ಜೀವಕೋಶದ ಗಾತ್ರಕ್ಕೆ ಹೊಂದುವ ಈ ಗೆರೆಗಳ ಗುಂಟ ಅಂಗಾಂಶ ಅಂಟಿಕೊಂಡು ಬೆಳೆಯಲೆಂಬುದು ಉದ್ದೇಶ.

ಗಾಜಿನ ಮೇಲೆ

ಗಾಜಿನ ಕಥೆ ಬೇರೆ. ಲೋಹದಲ್ಲಿ ಬಿಸಿ ಬೇಗ ಹರಡುತ್ತದೆ, ಲೋಹ ಬಾಗುತ್ತದೆ, ಹಿಗ್ಗುತ್ತದೆ. ಗಾಜಿನಲ್ಲಿ ಬಿಸಿ ತಾಗಿದಲ್ಲಿಯೇ ನಿಲ್ಲುತ್ತದೆ. ತಾಮ್ರದ ಉಷ್ಣವಾಹಕತೆ ಸುಮಾರು 400 ವಾಟ್ ಪ್ರತಿ ಮೀಟರ್ ಕೆಲ್ವಿನ್ ಆದರೆ ಕಿಟಕಿ ಗಾಜಿನದು ಸುಮಾರು 1 ಮಾತ್ರ. ಬಿಸಿಯಾದ ಚುಕ್ಕೆ ಹಿಗ್ಗುತ್ತದೆ, ಪಕ್ಕದ ತಣ್ಣನೆಯ ಗಾಜು ಬಿಡುವುದಿಲ್ಲ. ಒತ್ತಡ ತಾಳದೆ ಬಿರುಕು ಬಿಡುತ್ತದೆ. ಕಿಟಕಿ, ಬಾಟಲಿಗಳ ಸೋಡಾ-ಸುಣ್ಣದ ಗಾಜು ಒಂದು ಮೀಟರ್ ಉದ್ದಕ್ಕೆ 100 ಡಿಗ್ರಿ ಬಿಸಿಯಲ್ಲಿ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಶುದ್ಧ ಸಿಲಿಕಾ ಗಾಜು ಹಿಗ್ಗುವುದು ಸುಮಾರು 0.055 ಮಿಲಿಮೀಟರ್. ಲೇಸರ್ ಕೆಲಸಕ್ಕೆ ಸಿಲಿಕಾ ಗಾಜು ಒಗ್ಗುವುದು ಈ ಕಾರಣಕ್ಕೆ.

ಅಂಗಡಿಗಳಲ್ಲಿ ಸ್ಮರಣಿಕೆ, ಲೋಟ, ಬಾಗಿಲ ಗಾಜುಗಳ ಮೇಲೆ ಹೆಸರು ಬರೆಯುವ ಕಾರ್ಬನ್ ಡೈಆಕ್ಸೈಡ್ ಯಂತ್ರ ಈ ಬಿರುಕನ್ನೇ ಬಳಸಿಕೊಳ್ಳುತ್ತದೆ. ಕಿರಣ ತಾಗಿದ ಕಡೆ ಮೇಲ್ಪದರದಲ್ಲಿ ಸಾವಿರಾರು ಸೂಕ್ಷ್ಮ ಬಿರುಕುಗಳಾಗಿ, ಬೆಳಕು ಚದರಿ, ಅಕ್ಷರ ಬಿಳಿಯಾಗಿ ಕಾಣುತ್ತದೆ. ಅಕ್ಷರದ ಅಂಚು ಚಕ್ಕೆ ಏಳದಿರಲಿ ಎಂದು ಕೆಲಸಗಾರರು ಗಾಜಿಗೆ ಒದ್ದೆ ಕಾಗದ ಅಂಟಿಸುವುದೂ ಪಾತ್ರೆ ತೊಳೆಯುವ ಸೋಪಿನ ನೀರು ಸವರುವುದೂ ಉಂಟು. ಅದು ಹೆಚ್ಚಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಇದೇ ಲೇಸರನ್ನು ಮಿಡಿತವಿಲ್ಲದೆ, ನಿಧಾನವಾಗಿ, ಹರಡಿ ಹಾಯಿಸಿದರೆ ಗಾಜಿನ ಮೈ ಕರಗಿ ಹರಿದು ತಾನಾಗಿ ಸಪಾಟಾಗುತ್ತದೆ. ಒರಟು ಗಾಜಿಗೆ ಹೊಳಪು ಕೊಡಲು ಈ ಕ್ರಮ ಬಳಸುತ್ತಾರೆ.

ಗಾಜಿನೊಳಗೂ ಬರೆಯಬಹುದು. ಉಡುಗೊರೆ ಅಂಗಡಿಗಳಲ್ಲಿ ಸ್ಫಟಿಕದಂಥ ಗಾಜಿನ ಗಟ್ಟಿಯೊಳಗೆ ದೇವರ ವಿಗ್ರಹ, ಮುಖಚಿತ್ರ ಕಾಣುವುದು ಹೀಗೆ ಮಾಡಿದ್ದು. ಪಾರದರ್ಶಕವಾದ ಗಾಜಿನಲ್ಲಿ ಹಸಿರು ಕಿರಣ ಮೈಯನ್ನು ದಾಟಿ, ಒಳಗೆ ನಾಭಿ ಕೂಡಿದಲ್ಲಿ ಮಾತ್ರ ಚುಕ್ಕೆಯಷ್ಟು ಒಡೆತ ಉಂಟುಮಾಡುತ್ತದೆ.

ಹೀರದ ಬೆಳಕನ್ನು ಗಾಜು ಹೀರುವಂತೆ ಮಾಡುವುದು ಅತಿ ಕಿರಿಯ ಮಿಡಿತದ ಹೆಚ್ಚುಗಾರಿಕೆ. 800 ನ್ಯಾನೊಮೀಟರ್ ಬೆಳಕಿನ ಒಂದು ಫೋಟಾನಿನಲ್ಲಿ ಸುಮಾರು 1.55 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದೆ. ಸಿಲಿಕಾ ಗಾಜಿನ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 9 ಬೇಕು. ಸಾಮಾನ್ಯ ಬೆಳಕಿನಲ್ಲಿ ಆರು ಫೋಟಾನುಗಳು ಒಮ್ಮೆಗೇ ಒಂದೇ ಎಲೆಕ್ಟ್ರಾನಿಗೆ ತಾಗುವುದು ಆಗದ ಮಾತು. ಫೆಮ್ಟೊಸೆಕೆಂಡ್ ಮಿಡಿತದಲ್ಲಿ ಫೋಟಾನುಗಳ ದಟ್ಟಣೆ ಎಷ್ಟಿರುತ್ತದೆಯೆಂದರೆ ಅದೂ ನಡೆಯುತ್ತದೆ. 2003ರಲ್ಲಿ ಶಿಮೊತ್ಸುಮ, ಕಜಾನ್ಸ್ಕಿ ಮತ್ತು ಸಂಗಡಿಗರು ಸಿಲಿಕಾ ಗಾಜಿನೊಳಗೆ ಹೀಗೆ ಮೂಡಿದ ನ್ಯಾನೊ ಪಟ್ಟೆಗಳನ್ನು ತೋರಿಸಿದರು. ಲೇಸರ್ ತಾಗಿದ ಗಾಜು ಆಮ್ಲ ಅಥವಾ ಕ್ಷಾರದಲ್ಲಿ ಬೇಗ ಕರಗುವುದರಿಂದ ಮೊದಲು ಲೇಸರಿನಿಂದ ದಾರಿ ಬರೆದು ಆಮೇಲೆ ದ್ರವದಲ್ಲಿ ಅದ್ದಿ ಕಾಲುವೆ ತೆರೆಯುವ ವಿಧಾನವೂ ಇದೆ. ಹನಿ ರಕ್ತವನ್ನು ಪರೀಕ್ಷಿಸುವಂಥ ಗಾಜಿನ ಚಿಪ್‌ಗಳಿಗೆ ಇದು ಉಪಯುಕ್ತ.

ಸಾಮಾನ್ಯ ಗಾಜು ತನ್ನ ಒಂದೊಂದು ಮೈಯಿಂದಲೂ ಸುಮಾರು 4 ಪ್ರತಿಶತ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಬೆಳಕಿನ ತರಂಗದೂರಕ್ಕಿಂತ ಚಿಕ್ಕ ಮೊನೆಗಳನ್ನು ಮೈತುಂಬ ಮೂಡಿಸಿದರೆ ಈ ಪ್ರತಿಫಲನ ತಗ್ಗುತ್ತದೆ. ರಾತ್ರಿ ಹಾರುವ ಪತಂಗಗಳ ಕಣ್ಣಿನಲ್ಲಿ ಇಂಥದೇ ರಚನೆಯಿದೆ.

ನೀರು ಮತ್ತು ಕೆಸುವಿನೆಲೆ

ಮಲೆನಾಡಿನ ಮಳೆಗಾಲದಲ್ಲಿ ಹಳ್ಳದಂಚು, ಗದ್ದೆಬದುಗಳಲ್ಲಿ ಬೆಳೆಯುವ ಕೆಸುವಿನ ಎಲೆ ಪತ್ರೊಡೆಗೆ ಹೆಸರಾದದ್ದು. ಎಷ್ಟೇ ಮಳೆ ಸುರಿದರೂ ಅದು ಒದ್ದೆಯಾಗುವುದಿಲ್ಲ. ನೀರು ದುಂಡಗಾಗಿ, ಎಲೆ ಓರೆಯಾದಾಗ ಧೂಳನ್ನೂ ಹೊತ್ತುಕೊಂಡು ಉರುಳುತ್ತದೆ. ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ತಾವರೆ ಎಲೆಯ ಇದೇ ಗುಣವನ್ನು ವಿವರಿಸಿದ ಹೆಸರಾಂತ ಪ್ರಬಂಧಕ್ಕೆ ಪರೀಕ್ಷಿಸಿದ ಗಿಡಗಳಲ್ಲಿ ಕೆಸುವೂ ಒಂದು. ಎಲೆಯ ಮೇಲಿನ ಸೂಕ್ಷ್ಮ ಗುಬುಟುಗಳು ಮತ್ತು ಅವುಗಳನ್ನು ಹೊದ್ದ ಮೇಣದ ಹರಳುಗಳು ಸೇರಿ ನೀರಿನ ಹನಿಯ ಅಡಿಯಲ್ಲಿ ಗಾಳಿಯನ್ನು ಹಿಡಿದಿಡುತ್ತವೆ. ಹನಿ ಎಲೆಗೆ ತಾಗುವುದು ಗುಬುಟುಗಳ ತುದಿಯಲ್ಲಿ ಮಾತ್ರ.

ಲೇಸರಿನಿಂದ ಲೋಹದ ಮೇಲೆ ಇಂಥ ಎರಡು ಅಂತಸ್ತಿನ ಒರಟನ್ನು ಮಾಡಬಹುದು: ಹತ್ತಾರು ಮೈಕ್ರೋಮೀಟರಿನ ಕಂಬಗಳು, ಕಂಬಗಳ ಮೇಲೆ ನ್ಯಾನೊ ಗಾತ್ರದ ಉಬ್ಬುಗಳು. ಹನಿ ಮೈಯನ್ನು ತಾಗುವ ಕೋನ 150 ಡಿಗ್ರಿ ಮೀರಿ, 10 ಡಿಗ್ರಿಗಿಂತ ಕಡಿಮೆ ಓರೆಗೇ ಹನಿ ಉರುಳಿದರೆ ಅಂಥ ಮೈಯನ್ನು ಅತಿ ಜಲವಿಕರ್ಷಕ ಎನ್ನುತ್ತಾರೆ. ಗುವೊ ಮತ್ತು ವೊರೊಬ್ಯೆವ್ 2015ರಲ್ಲಿ ಪ್ಲಾಟಿನಂ, ಟೈಟಾನಿಯಂ, ಹಿತ್ತಾಳೆಗಳ ಮೇಲೆ ಇದನ್ನು ಸಾಧಿಸಿದರು.

ಕೊರೆದ ಕೂಡಲೇ ಈ ಲೋಹ ನೀರನ್ನು ದೂಡುವುದಿಲ್ಲ. ಬದಲಿಗೆ ಇನ್ನಷ್ಟು ಸೆಳೆದುಕೊಳ್ಳುತ್ತದೆ. ಹೊಸ ಆಕ್ಸೈಡ್ ಮೈಗೆ ನೀರು ಇಷ್ಟ, ಒರಟು ಆ ಇಷ್ಟವನ್ನು ಹೆಚ್ಚಿಸುತ್ತದೆ. ತಟ್ಟೆಯನ್ನು ಹಾಗೇ ಗಾಳಿಯಲ್ಲಿಟ್ಟರೆ ದಿನಗಳು, ವಾರಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲದ ಸಂಯುಕ್ತಗಳು ಮೈಗೆ ಅಂಟುತ್ತವೆ, ಆಗ ಅದೇ ಒರಟು ನೀರನ್ನು ದೂಡತೊಡಗುತ್ತದೆ. ಕೆಸುವಿನೆಲೆಯಲ್ಲಿ ಮೇಣ ಮಾಡುವ ಕೆಲಸವನ್ನು ಇಲ್ಲಿ ಈ ಪದರ ಮಾಡುತ್ತದೆ. ಆಕಾರವೊಂದೇ ಸಾಲದು, ಮೈಯ ರಸಾಯನವೂ ಕೂಡಬೇಕು. ಎಲೆಗೂ ಲೋಹಕ್ಕೂ ಒಂದು ವ್ಯತ್ಯಾಸವಿದೆ: ಬೆಳೆಯುವ ಎಲೆ ತನ್ನ ಮೇಣವನ್ನು ಮತ್ತೆ ಸ್ರವಿಸಿಕೊಳ್ಳುತ್ತದೆ, ಉಜ್ಜಿ ಸವೆದ ಲೋಹ ತನ್ನನ್ನು ತಾನು ಸರಿಪಡಿಸಿಕೊಳ್ಳುವುದಿಲ್ಲ.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಲೇಸರ್ ಮೇಲ್ಮೈ ಕೆಲಸ ಅತಿ ಹೆಚ್ಚು ಹರಡಿರುವುದು ಗುರುತು ಹಾಕುವ ರೂಪದಲ್ಲಿ. ಮೂರು ಬಗೆಯವು ಗೋಣಿಬೀಡಿನಂಥ ಸಣ್ಣ ಊರಿನ ಮನೆಮನೆಗೂ ತಲುಪಿವೆ.

ಮೊದಲನೆಯದು ಚಿನ್ನದ ಹಾಲ್‌ಮಾರ್ಕ್. 2021ರ ಜುಲೈಯಿಂದ ಭಾರತೀಯ ಮಾನಕ ಬ್ಯೂರೊ ಪ್ರತಿ ಒಡವೆಗೂ ಅಕ್ಷರ ಅಂಕಿಗಳ ಆರು ಸ್ಥಾನದ ಎಚ್‌ಯುಐಡಿ ಸಂಕೇತ ಕೊಡುವ ಪದ್ಧತಿ ತಂದಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯನ್ನು ಈ ಸಂಕೇತವಿಲ್ಲದೆ ಅಂಗಡಿಯವರು ಮಾರುವಂತಿಲ್ಲ. ಬ್ಯೂರೊ ಚಿಹ್ನೆ, ಶುದ್ಧತೆಯ ಅಂಕಿ (22 ಕ್ಯಾರಟ್ಟಿಗೆ 916), ಎಚ್‌ಯುಐಡಿ ಈ ಮೂರನ್ನೂ ಪರೀಕ್ಷಾ ಕೇಂದ್ರದಲ್ಲಿ ಲೇಸರಿನಿಂದ ಕೊರೆಯುತ್ತಾರೆ. ಹಳೆಯ ಕಾಲದಂತೆ ಉಳಿಯಿಂದ ಒತ್ತಿದರೆ ತೆಳುವಾದ ಓಲೆ, ಸರದ ಕೊಂಡಿ ಜಜ್ಜಿಹೋಗುತ್ತವೆ. ಲೇಸರ್ ಮುಟ್ಟದೆಯೇ ಬರೆಯುತ್ತದೆ, ನಷ್ಟವಾಗುವ ಚಿನ್ನವೂ ಅತ್ಯಲ್ಪ.

ಎರಡನೆಯದು ವಾಹನದ ಅತಿ ಸುರಕ್ಷಿತ ನೋಂದಣಿ ಫಲಕ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಇದನ್ನು ಕಡ್ಡಾಯ ಮಾಡಿ ರಾಜ್ಯ ಸರ್ಕಾರ 2023ರ ಆಗಸ್ಟಿನಲ್ಲಿ ಅಧಿಸೂಚನೆ ಹೊರಡಿಸಿತು, ಗಡುವನ್ನು ಮತ್ತೆಮತ್ತೆ ವಿಸ್ತರಿಸಿತು. ಅಲ್ಯೂಮಿನಿಯಂ ಫಲಕದ ಎಡಬದಿಯ ಕೆಳಗೆ ಕನಿಷ್ಠ 10 ಸ್ಥಾನದ ಕಾಯಂ ಸಂಖ್ಯೆಯೊಂದು ಲೇಸರಿನಿಂದ ಬರೆದಿರುತ್ತದೆ. ಇಲ್ಲಿ ಲೇಸರ್ ಬರೆಯುವುದು ಲೋಹಕ್ಕೆ ಅಂಟಿಸಿದ ಪ್ರತಿಫಲಕ ಹಾಳೆಯಲ್ಲಿ; ಕಿತ್ತು ಬೇರೆಡೆ ಅಂಟಿಸಲು ಬಾರದಂತೆ ಅದು ಗುರುತನ್ನು ಹಾಳೆಗೇ ಬೆಸೆಯುತ್ತದೆ.

ಮೂರನೆಯದು ಪಾತ್ರೆಯ ಮೇಲಿನ ಹೆಸರು. ಮದುವೆ, ಗೃಹಪ್ರವೇಶಗಳಿಗೆ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ‘ಇಂಥವರ ನೆನಪಿಗಾಗಿ’ ಎಂದು ಅಂಗಡಿಯಲ್ಲಿಯೇ ಬರೆಸುವ ರೂಢಿ ಹಳೆಯದು. ವಿದ್ಯುತ್ತಿನಿಂದ ಕಂಪಿಸುವ ಮೊನೆಯ ಕೈಯಂತ್ರ ಹಿಡಿದು ಚುಕ್ಕೆಚುಕ್ಕೆಯಾಗಿ ಬರೆಯುವ ಕೈಬರಹ ಅದು. ಈಗ ಪಟ್ಟಣಗಳ ಅಂಗಡಿಗಳಿಗೆ ಫೈಬರ್ ಲೇಸರ್ ಬಂದಿದೆ. ಲೇಸರ್ ಬರಹದಲ್ಲಿ ಒಂದು ಎಚ್ಚರಿಕೆ ಬೇಕು. ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಯ ಕ್ರೋಮಿಯಂ ಆಕ್ಸೈಡ್ ಪದರ. ಹೆಚ್ಚು ಬಿಸಿಯಾದ ಕಡೆ ಆ ಪದರ ಕೆಡುತ್ತದೆ, ಕೆಳಗಿನ ಲೋಹದಲ್ಲಿ ಕ್ರೋಮಿಯಂ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ತೇವ ಆರದ ಮಲೆನಾಡಿನಲ್ಲಿ ಅಕ್ಷರದ ಗುಂಟವೇ ಕಂದು ತುಕ್ಕು ಕಾಣಿಸಿಕೊಳ್ಳಬಹುದು. ಕಾರ್ಖಾನೆಗಳಲ್ಲಿ ಸಿಟ್ರಿಕ್ ಅಥವಾ ನೈಟ್ರಿಕ್ ಆಮ್ಲದಿಂದ ಮೈಯನ್ನು ಮತ್ತೆ ಹದಗೊಳಿಸುತ್ತಾರೆ. ಆಳವಾಗಿ ಸುಡದೆ ಕಡಿಮೆ ಬಿಸಿಯಲ್ಲಿ ಬರೆಯುವುದೂ ಒಂದು ಪರಿಹಾರ.

ಎಣ್ಣೆಗುಳಿ, ಜಲವಿಕರ್ಷಕ ಮೈ ಮುಂತಾದ ‘ಕೆಲಸ ಮಾಡುವ’ ವಿನ್ಯಾಸಗಳು ಇನ್ನೂ ಹೆಚ್ಚಾಗಿ ಪ್ರಯೋಗಾಲಯ ಮತ್ತು ದೊಡ್ಡ ಉದ್ದಿಮೆಗಳ ಹಂತದಲ್ಲಿವೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಯಂತ್ರಭಾಗ ತಯಾರಕರ ಜಾಲ, ತುಮಕೂರು ರಸ್ತೆಯಲ್ಲಿ 1962ರಲ್ಲಿ ನೆಲೆಗೊಂಡ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಅದೇ ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರೋಪಕರಣ ಮೇಳ ಇವೆಲ್ಲ ಈ ತಂತ್ರಕ್ಕೆ ರಾಜ್ಯದಲ್ಲಿರುವ ನೆಲೆಗಳು. ದೇಶದಲ್ಲಿ ಲೇಸರ್ ಸಂಶೋಧನೆಯ ಮುಖ್ಯ ಕೇಂದ್ರ ಇಂದೋರಿನಲ್ಲಿದೆ. 1984ರಲ್ಲಿ ಆರಂಭವಾದ ಆ ಕೇಂದ್ರಕ್ಕೆ 2005ರಲ್ಲಿ ಇಟ್ಟ ಹೆಸರು ತುಮಕೂರು ಸೀಮೆಯಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣನವರದು.

ಅಳತೆ

ಮೈಯ ಒರಟನ್ನು ಹಳೆಯ ಕ್ರಮದಲ್ಲಿ ವಜ್ರದ ಮೊನೆಯನ್ನು ಒಂದು ಗೆರೆಯ ಗುಂಟ ಎಳೆದು ಅಳೆಯುತ್ತಾರೆ. ‘ಆರ್‌ಎ’ ಎಂಬುದು ಏರಿಳಿತಗಳ ಸರಾಸರಿ. ಒಂದೇ ಆರ್‌ಎ ಅಂಕಿಯ ಎರಡು ಮೈಗಳಲ್ಲಿ ಒಂದು ಗುಳಿಗಳಿಂದ ತುಂಬಿರಬಹುದು, ಇನ್ನೊಂದು ಮೊನೆಗಳಿಂದ. ಮೊದಲನೆಯದು ಎಣ್ಣೆ ಹಿಡಿಯುತ್ತದೆ, ಎರಡನೆಯದು ಎದುರಿನ ಮೈಯನ್ನು ಗೀರುತ್ತದೆ. ಹೀಗಾಗಿ ಲೇಸರ್ ಮೈಗಳಿಗೆ ಗೆರೆಯ ಅಳತೆ ಸಾಲದೆ, ಇಡೀ ಕ್ಷೇತ್ರದ ಎತ್ತರ ನಕ್ಷೆ ತೆಗೆಯುವ ಕಾನ್‌ಫೋಕಲ್ ಸೂಕ್ಷ್ಮದರ್ಶಕವನ್ನೂ ಐಎಸ್‌ಒ 25178 ಮಾನಕವನ್ನೂ ಬಳಸುತ್ತಾರೆ. ನ್ಯಾನೊ ಗೆರೆಗಳನ್ನು ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಮೈಮೇಲೆ ಯಾವ ಆಕ್ಸೈಡ್ ಬೆಳೆದಿದೆ ಎಂದು ತಿಳಿಯಲು ನೆರವಾಗುವ ಸಾಧನಗಳಲ್ಲೊಂದು 1928ರಲ್ಲಿ ಸಿ. ವಿ. ರಾಮನ್ ಕಂಡ ಬೆಳಕಿನ ಚದರುವಿಕೆಯನ್ನೇ ಆಧರಿಸಿದೆ.

ಮಿತಿಗಳು ಮತ್ತು ಸುರಕ್ಷತೆ

ಈ ತಂತ್ರದ ಮೊದಲ ಮಿತಿ ನಿಧಾನ. ಗೆರೆಗಳ ನಡುವೆ 20 ಮೈಕ್ರೋಮೀಟರ್ ಬಿಟ್ಟು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರೆದರೂ ಒಂದು ಚದರ ಮೀಟರ್ ತುಂಬಲು 50,000 ಸೆಕೆಂಡು, ಎಂದರೆ ಸುಮಾರು 14 ಗಂಟೆ ಹಿಡಿಯುತ್ತದೆ. ರಾಚೆಸ್ಟರಿನ 2015ರ ಪ್ರಯೋಗದಲ್ಲಿ ಒಂದು ಅಂಗುಲ ಚದರದ ತುಂಡಿಗೇ ಒಂದು ಗಂಟೆ ಬೇಕಾಗಿತ್ತು. ಮನೆಯ ಮಾಡಿನ ತಗಡಿಗೆ ಬಣ್ಣವೇ ಅಗ್ಗ. ಸೀಲು, ಇಂಪ್ಲಾಂಟು, ಒಡವೆ, ಅಚ್ಚುಗಳಂಥ ಚಿಕ್ಕ ಮತ್ತು ಬೆಲೆಬಾಳುವ ವಸ್ತುಗಳಿಗೆ ಮಾತ್ರ ಲೇಸರ್ ಸದ್ಯಕ್ಕೆ ಗಿಟ್ಟುತ್ತದೆ. ಅಚ್ಚಿಗೋ ಉಕ್ಕಿನ ಉರುಳೆಗೋ ಒಮ್ಮೆ ವಿನ್ಯಾಸ ಕೊರೆದು, ಅದರಿಂದ ಸಾವಿರಾರು ತಗಡು, ಪ್ಲಾಸ್ಟಿಕ್ ವಸ್ತುಗಳಿಗೆ ಒತ್ತುವುದು ಈ ಮಿತಿಯನ್ನು ದಾಟುವ ಒಂದು ದಾರಿ. ಎರಡನೆಯ ಮಿತಿ ಬಾಳಿಕೆ. ನ್ಯಾನೊ ಉಬ್ಬುಗಳು ತಿಕ್ಕಿದರೆ ಸವೆಯುತ್ತವೆ, ಜಿಡ್ಡು ಕೂತರೆ ಮುಚ್ಚಿಹೋಗುತ್ತವೆ.

ಫೈಬರ್ ಲೇಸರಿನ ಕಿರಣ ಕಣ್ಣಿಗೆ ಕಾಣದು. ಆದರೆ ಕಣ್ಣಿನ ಮಸೂರ ಅದನ್ನು ಅಕ್ಷಿಪಟದ ಮೇಲೆ ಕೂಡಿಸುತ್ತದೆ. ಹೊಳೆಯುವ ಲೋಹದಿಂದ ಚಿಮ್ಮಿದ ಪ್ರತಿಬಿಂಬವೂ ಕಣ್ಣನ್ನು ಕಾಯಂ ಆಗಿ ಸುಡಬಲ್ಲದು, ರೆಪ್ಪೆ ಮುಚ್ಚುವಷ್ಟು ಸಮಯವನ್ನೂ ಕೊಡುವುದಿಲ್ಲ. ಗುರುತಿನ ಯಂತ್ರಗಳು ಅತಿ ಅಪಾಯದ ನಾಲ್ಕನೆಯ ವರ್ಗದ ಲೇಸರುಗಳು. ಮುಚ್ಚಿದ ಪೆಟ್ಟಿಗೆಯೊಳಗಿದ್ದರೆ ಮಾತ್ರ ನಿರಪಾಯ. ತುಕ್ಕು, ಹಳೆಯ ಬಣ್ಣ ತೆಗೆಯಲು ಈಗ ಮಾರುಕಟ್ಟೆಗೆ ಬಂದಿರುವ ಕೈಯಲ್ಲಿ ಹಿಡಿಯುವ ಲೇಸರ್ ಪಿಸ್ತೂಲುಗಳು ಇದಕ್ಕಿಂತ ಹತ್ತಾರು ಪಟ್ಟು ಬಲವಾದವು, ಪೆಟ್ಟಿಗೆಯೂ ಇಲ್ಲದವು. ಸಾಮಾನ್ಯ ಕಪ್ಪು ಕನ್ನಡಕ, ಬೆಸುಗೆಯವರ ಗಾಜು ಇವಕ್ಕೆ ಸಾಲುವುದಿಲ್ಲ. ಆಯಾ ತರಂಗದೂರಕ್ಕೆಂದೇ ತಯಾರಿಸಿದ, ಆ ಅಂಕಿಯನ್ನು ಮೇಲೆ ಮುದ್ರಿಸಿದ ಕನ್ನಡಕ ಬೇಕು. ಸುತ್ತ ನಿಂತವರಿಗೂ ಅದು ಕಡ್ಡಾಯ. ಸ್ಟೀಲಿನಿಂದ ಏಳುವ ಹೊಗೆಯಲ್ಲಿ ಕ್ರೋಮಿಯಂ, ನಿಕ್ಕಲ್‌ಗಳ ಸೂಕ್ಷ್ಮ ಕಣಗಳೂ, ಹಳೆಯ ಬಣ್ಣದಿಂದ ಸೀಸವೂ ಹೊರಡಬಹುದಾದ್ದರಿಂದ ಹೊಗೆಯನ್ನು ಹೀರಿ ಸೋಸುವ ಯಂತ್ರವನ್ನು ಲೇಸರಿನ ಜೊತೆಗೇ ಕೊಳ್ಳಬೇಕು.